ಬಟನ್ ಸರಿಸೋಕೆ ಮೂರು ವಾರ ಯಾಕೆ?

ಫೋನು, ಆ್ಯಪ್, ಸಾಫ್ಟ್‌ವೇರ್ ಕೆಲಸದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಈ ಪುಟದಲ್ಲಿ ಉತ್ತರಿಸುತ್ತೇನೆ. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯ ಸುತ್ತುತ್ತಿದ್ದವು: ದೊಡ್ಡ ಕಂಪನಿಗಳಲ್ಲಿ ಆ್ಯಪ್‌ನ ಸ್ಕ್ರೀನ್ ಕೆಲಸ ಯಾಕಿಷ್ಟು ನಿಧಾನ, ಅದನ್ನು ಬೇಗ ಮುಗಿಸೋದು ಹೇಗೆ? ಹೆಸರು ಹಾಕಬೇಡಿ ಎಂದು ಸುಮಾರು ಜನ ಕೇಳಿದ್ದಾರೆ. ಹಾಗಾಗಿ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಒಂದು ದೊಡ್ಡ ಕಂಪನಿಯಲ್ಲಿ ಆಂಡ್ರಾಯ್ಡ್ ಇಂಜಿನಿಯರ್. ಒಂದು ಬಟನ್ ಜಾಗ ಬದಲಿಸೋಕೆ ಮೂರು ವಾರ ಆಯ್ತು ಅಂತಾಳೆ. ನಾನು ಬ್ಯಾಂಕಿನಿಂದ ರಿಟೈರ್ ಆದವನು. ನಮ್ಮಲ್ಲೂ ಇಷ್ಟು ನಿಧಾನ ಇರಲಿಲ್ಲ. ಅವಳು ನಿಜ ಹೇಳ್ತಿದ್ದಾಳಾ?
– ತುಮಕೂರು

ಉತ್ತರ: ನಿಜವನ್ನೇ ಹೇಳುತ್ತಿದ್ದಾಳೆ ಸಾರ್. ಬಟನ್ ಸರಿಸುವ ಕೋಡ್ ಬರೆಯೋಕೆ ಅವಳಿಗೆ ಹತ್ತು ನಿಮಿಷ ಸಾಕು. ಮಿಕ್ಕಿದ್ದೆಲ್ಲ ಕಾಯುವ ಕೆಲಸ.

ಬರೆದ ಮೇಲೆ ಅದು ಹೇಗೆ ಕಾಣುತ್ತದೆ ಅಂತ ನೋಡಬೇಕಲ್ವಾ? ಅದಕ್ಕೆ ಆ್ಯಪ್ ಬಿಲ್ಡ್ ಆಗಬೇಕು, ಅಂದರೆ ಬರೆದ ಕೋಡೆಲ್ಲ ಸೇರಿ ಫೋನಿನಲ್ಲಿ ಓಡುವ ಆ್ಯಪ್ ಆಗಬೇಕು. ನೂರಾರು ಜನ ಸೇರಿ ಬರೆದ ಆ್ಯಪ್ ಅಂದರೆ ಬಿಲ್ಡ್ ಶುರು ಮಾಡಿ ಕಾಫಿಗೆ ಹೋಗಿ ಬರಬಹುದು. ಬಂದು ನೋಡಿದರೆ ಬಟನ್ ಸ್ವಲ್ಪ ಎಡಕ್ಕೆ ಜರುಗಿದೆ. ಸರಿ ಮಾಡು, ಮತ್ತೆ ಬಿಲ್ಡ್, ಮತ್ತೆ ಕಾಫಿ. ಆಮೇಲೆ ಡಿಸೈನರ್ ನೋಡಬೇಕು. ಇನ್ನೊಬ್ಬ ಇಂಜಿನಿಯರ್ ಕೋಡ್ ಓದಿ ಒಪ್ಪಬೇಕು. ಟೆಸ್ಟಿಂಗ್‌ನವರು ಹಳೆಯ ಫೋನು, ಹೊಸ ಫೋನು ಎಲ್ಲದರಲ್ಲೂ ಪರೀಕ್ಷಿಸಬೇಕು. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಈ ವಾರದ ರಿಲೀಸ್ ಹೊರಟು ಹೋಗಿರುತ್ತದೆ. ದೊಡ್ಡ ಕಂಪನಿಗಳಲ್ಲಿ ರಿಲೀಸ್‌ಗೆ ದಿನ ಗೊತ್ತು ಮಾಡಿರುತ್ತಾರೆ. ತಪ್ಪಿದರೆ ಮುಂದಿನ ಸರದಿಗೆ ಕಾಯಬೇಕು.

ರಿಲೀಸ್ ಆದ ಮೇಲೂ ಕೆಲಸ ಮುಗಿಯಲ್ಲ. ಹೊಸ ವರ್ಶನ್ ಅನ್ನು ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಒಂದೇ ಏಟಿಗೆ ಎಲ್ಲರಿಗೂ ಬಿಡುವುದಿಲ್ಲ. ಆ್ಯಪಲ್‌ನಲ್ಲಿ ಹಂತ ಹಂತವಾಗಿ ಬಿಡುವ ಆಯ್ಕೆ ತೆಗೆದುಕೊಂಡರೆ ಏಳು ದಿನ ಬೇಕು. ಮೊದಲ ದಿನ ತಾನಾಗಿ ಅಪ್‌ಡೇಟ್ ಆಗುವವರಲ್ಲಿ ಶೇ. 1 ಜನಕ್ಕೆ ಹೋಗುತ್ತದೆ. ಆಮೇಲೆ 2, 5, 10, 20, 50 ಅಂತ ಏರಿ ಏಳನೇ ದಿನ ಎಲ್ಲರಿಗೂ. ನಡುವೆ ಆ್ಯಪ್ ಕ್ರ್ಯಾಶ್ ಆಗುವುದು ಕಂಡರೆ ಅಲ್ಲೇ ನಿಲ್ಲಿಸುತ್ತಾರೆ. ಪ್ಲೇ ಸ್ಟೋರ್‌ನಲ್ಲೂ ಇಂಥದ್ದೇ ವ್ಯವಸ್ಥೆ ಇದೆ, ಅಲ್ಲಿ ಶೇಕಡಾವಾರು ಎಷ್ಟು ಅಂತ ಕಂಪನಿಯವರೇ ಆರಿಸುತ್ತಾರೆ.

ಇಷ್ಟು ಹೇಳಿದ್ದು ನಿಮ್ಮ ಮಗಳ ಪರ ವಕಾಲತ್ತು ಮಾಡೋಕಷ್ಟೇ ಅಲ್ಲ. ಈ ಪುಟದಲ್ಲಿ ಮುಂದೆ ಬರುವ ಪ್ರಶ್ನೆಗಳೆಲ್ಲ ಈ ಕಾಯುವ ಜಾಗಗಳ ಬಗ್ಗೆಯೇ ಇವೆ.

ಪ್ರಶ್ನೆ: ನಮ್ಮ ಕಂಪನಿಯಲ್ಲಿ ಐಫೋನ್‌ಗೊಂದು ಟೀಮ್, ಆಂಡ್ರಾಯ್ಡ್‌ಗೊಂದು ಟೀಮ್ ಇದೆ. ಹೊಸದಾಗಿ ಬಂದ ವೈಸ್ ಪ್ರೆಸಿಡೆಂಟ್ ‘ರಿಯಾಕ್ಟ್ ನೇಟಿವ್‌ಗೆ ಹೋಗೋಣ. ಒಂದೇ ಕೋಡ್, ಅರ್ಧ ಸಮಯ. ಫೇಸ್‌ಬುಕ್ ಮಾಡಿಲ್ವಾ?’ ಅನ್ನುತ್ತಾರೆ. ನಿಜಕ್ಕೂ ಅರ್ಧ ಆಗುತ್ತಾ?
– ಬೆಂಗಳೂರು, ಬೆಳ್ಳಂದೂರು

ಉತ್ತರ: ರಿಯಾಕ್ಟ್ ನೇಟಿವ್ ಅಂದರೆ ಜಾವಾಸ್ಕ್ರಿಪ್ಟ್ ಅನ್ನುವ ವೆಬ್ ಭಾಷೆಯಲ್ಲಿ ಎರಡೂ ಬಗೆಯ ಫೋನಿಗೆ ಆ್ಯಪ್ ಬರೆಯುವ ಸಾಧನ. ಫೇಸ್‌ಬುಕ್ ಮಾಡಿದ್ದು ಹೌದು. ಯಾಕೆ ಮಾಡಿತು ಅನ್ನೋದನ್ನು ನಿಮ್ಮ ವೈಸ್ ಪ್ರೆಸಿಡೆಂಟ್ ಪೂರ್ತಿ ಹೇಳಿಲ್ಲ.

ಮೊದಮೊದಲು ಫೇಸ್‌ಬುಕ್ ಆ್ಯಪ್ ಒಳಗೆ ಬಹುಪಾಲು ವೆಬ್ ಪುಟಗಳೇ ಇದ್ದವು. ಬೇಗ ಬದಲಿಸಬಹುದಿತ್ತು, ಆದರೆ ಫೀಡ್ ಎಳೆದರೆ ತಡವರಿಸುತ್ತಿತ್ತು. 2012ರ ಆಗಸ್ಟ್‌ನಲ್ಲಿ ಐಫೋನ್ ಆ್ಯಪ್ ಅನ್ನು ನೇಟಿವ್ ಆಗಿ, ಅಂದರೆ ಫೋನಿನ ಸ್ವಂತ ಭಾಷೆಯಲ್ಲಿ, ಹೊಸದಾಗಿ ಬರೆದು ಬಿಟ್ಟರು. ಮುಂದಿನ ತಿಂಗಳೇ ಜುಕರ್‌ಬರ್ಗ್ ವೇದಿಕೆ ಮೇಲೆ ಕೂತು, ಎಚ್‌ಟಿಎಂಎಲ್5 (ವೆಬ್ ಪುಟ ಬರೆಯುವ ಭಾಷೆ) ಮೇಲೆ ಅತಿಯಾಗಿ ನಂಬಿಕೆ ಇಟ್ಟದ್ದೇ ಕಂಪನಿಯಾಗಿ ನಾವು ಮಾಡಿದ ದೊಡ್ಡ ತಪ್ಪು ಅಂದರು. ನೇಟಿವ್‌ಗೆ ಬಂದ ಮೇಲೆ ಆ್ಯಪ್ ಓಡಿತು, ಇಂಜಿನಿಯರುಗಳು ಮಾತ್ರ ನಿಧಾನವಾದರು. ವೆಬ್‌ನಲ್ಲಿ ಒಂದು ಸಾಲು ಬದಲಿಸಿ ರಿಫ್ರೆಶ್ ಒತ್ತಿದರೆ ಸಾಕಿತ್ತು. ಇಲ್ಲಿ ಪ್ರತಿ ಸಲವೂ ಬಿಲ್ಡ್ ಆಗುವ ತನಕ ಕೂರಬೇಕು. ಅದಕ್ಕೇ 2013ರ ಒಂದು ಹ್ಯಾಕಥಾನ್‌ನಲ್ಲಿ (ಇಂಜಿನಿಯರುಗಳು ಒಟ್ಟಿಗೆ ಕೂತು ಬೇಗಬೇಗ ಹೊಸದನ್ನು ಕಟ್ಟುವ ಕೂಟ) ರಿಯಾಕ್ಟ್ ನೇಟಿವ್ ಹುಟ್ಟಿತು. ಬರೆಯೋದು ಜಾವಾಸ್ಕ್ರಿಪ್ಟ್‌ನಲ್ಲಿ, ಸ್ಕ್ರೀನ್ ಮೇಲೆ ಬರೋದು ಫೋನಿನ ನಿಜವಾದ ನೇಟಿವ್ ಬಟನ್. 2015ರ ಮಾರ್ಚ್‌ನಲ್ಲಿ ಐಫೋನ್‌ಗೆ ಓಪನ್ ಸೋರ್ಸ್ ಮಾಡಿದರು, ಅಂದರೆ ಯಾರು ಬೇಕಾದರೂ ಬಳಸಲಿ ಅಂತ ಕೋಡ್ ಬಿಟ್ಟುಕೊಟ್ಟರು, ಆಂಡ್ರಾಯ್ಡ್ ಅದೇ ಸೆಪ್ಟೆಂಬರ್‌ನಲ್ಲಿ ಬಂತು.

ಆಗ ಅವರು ಕೊಟ್ಟ ಘೋಷಣೆ ‘ಒಮ್ಮೆ ಕಲಿಯಿರಿ, ಎಲ್ಲೆಡೆ ಬರೆಯಿರಿ’ ಅಂತ. ಒಮ್ಮೆ ಬರೆದು ಎಲ್ಲೆಡೆ ಓಡಿಸಿ ಅಂತ ಅವರು ಹೇಳಲೇ ಇಲ್ಲ. ಆ ಮಾತನ್ನು ಸೇರಿಸಿಕೊಂಡದ್ದು ನಮ್ಮ ಮೀಟಿಂಗ್ ರೂಮುಗಳು.

ಈಗ ಮನೆ, ರೂಮು ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಕತೆ ನೋಡಿ. 2016ರಲ್ಲಿ ಅವರು ರಿಯಾಕ್ಟ್ ನೇಟಿವ್ ಹಿಡಿದರು. 2018ರಲ್ಲಿ ಬಿಡುತ್ತಿದ್ದೇವೆ ಎಂದು ಹೇಳಿ, ಯಾಕೆ ಅಂತ ವಿವರವಾಗಿ ಬರೆದರು. ಆ ಬರಹದಲ್ಲಿ ಅದನ್ನು ಬೈದಿಲ್ಲ. ಎಷ್ಟೋ ಸ್ಕ್ರೀನ್‌ಗಳು ಎರಡೂ ಕಡೆ ಒಂದೇ ಕೋಡ್‌ನಲ್ಲಿ ಓಡಿದವು ಅಂತ ಖುಷಿಯಿಂದಲೇ ಬರೆದಿದ್ದಾರೆ. ತೊಂದರೆ ಆದದ್ದು ಬೇರೆ ಕಡೆ. ಅವರ ಹತ್ತಿರ ಆಗಲೇ ದೊಡ್ಡ ನೇಟಿವ್ ಆ್ಯಪ್ ಇತ್ತು. ಅದರೊಳಗೆ ಇದನ್ನು ಕೂರಿಸಬೇಕಾಯಿತು. ಎರಡು ಪ್ಲ್ಯಾಟ್‌ಫಾರ್ಮ್ ಹೋಗಿ ಒಂದಾಗುವ ಬದಲು ಮೂರಾದವು. ಒಂದು ಸ್ಕ್ರೀನ್ ಕ್ರ್ಯಾಶ್ ಆದರೆ ಕಾರಣ ಜಾವಾಸ್ಕ್ರಿಪ್ಟ್‌ನಲ್ಲಿದೆಯೋ, ಐಫೋನ್ ಕೋಡಿನಲ್ಲಿದೆಯೋ, ಎರಡರ ನಡುವೆ ಮಾತು ಸಾಗಿಸುವ ಸೇತುವೆಯಲ್ಲಿದೆಯೋ ಹುಡುಕಬೇಕು. ಮೂರೂ ಬಲ್ಲವರು ಎಷ್ಟು ಜನ ಸಿಗುತ್ತಾರೆ?

ಇನ್ನೊಂದು ಮಗ್ಗುಲೂ ಇದೆ. ಆನ್‌ಲೈನ್ ಅಂಗಡಿ ನಡೆಸೋಕೆ ಸಾಫ್ಟ್‌ವೇರ್ ಕೊಡುವ ಶಾಪಿಫೈ 2020ರಲ್ಲಿ ಹೊಸ ಮೊಬೈಲ್ ಆ್ಯಪ್‌ಗಳೆಲ್ಲ ರಿಯಾಕ್ಟ್ ನೇಟಿವ್‌ನಲ್ಲೇ ಅಂತ ತೀರ್ಮಾನ ಮಾಡಿತು. ರಿಯಾಕ್ಟ್ ನೇಟಿವ್ ಮಾಡುವವರು ಆ ಹಳೆಯ ಸೇತುವೆಯನ್ನೂ ಈಗ ತೆಗೆದು ಹಾಕಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಬಂದ 0.76 ವರ್ಶನ್‌ನಿಂದ ಸೇತುವೆ ಇಲ್ಲದ ಹೊಸ ಒಳರಚನೆ ತಾನಾಗಿಯೇ ಆನ್ ಆಗಿರುತ್ತದೆ. ಹಾಗಾಗಿ 2018ರ ಕತೆ ಇಟ್ಟುಕೊಂಡು ಇವತ್ತು ಬೇಡ ಅನ್ನೋದೂ ಸರಿಯಲ್ಲ.

ನನ್ನ ಅಭಿಪ್ರಾಯ ಕೇಳಿದರೆ: ಹೊಸ ಆ್ಯಪ್ ಆದರೆ ಧಾರಾಳವಾಗಿ ಹೋಗಿ. ಹಳೆಯ ದೊಡ್ಡ ಆ್ಯಪ್ ಆದರೆ ಮೊದಲು ಒಂದು ವಾರ ಲೆಕ್ಕ ಇಡಿ. ನಿಮ್ಮ ಇಂಜಿನಿಯರುಗಳು ಬಿಲ್ಡ್‌ಗೆ ಎಷ್ಟು ಹೊತ್ತು ಕಾದರು, ರಿವ್ಯೂಗೆ (ಇನ್ನೊಬ್ಬರು ಕೋಡ್ ಓದಿ ಒಪ್ಪೋಕೆ) ಎಷ್ಟು ಹೊತ್ತು ಕಾದರು, ಡಿಸೈನರ್ ಉತ್ತರಕ್ಕೆ ಎಷ್ಟು ಹೊತ್ತು ಕಾದರು. ಬಿಲ್ಡ್ ಕಾಯೋದೇ ಜಾಸ್ತಿ ಅಂತ ಗೊತ್ತಾದರೆ ಮೊದಲು ಅದನ್ನು ಸರಿ ಮಾಡಿ. ಫೇಸ್‌ಬುಕ್‌ನವರು 2013ರಲ್ಲಿ ಬಕ್ ಅನ್ನುವ ಬಿಲ್ಡ್ ಸಾಧನವನ್ನು ಓಪನ್ ಸೋರ್ಸ್ ಮಾಡಿದರು, ಗೂಗಲ್ 2015ರಲ್ಲಿ ಬೇಜಲ್ ಅನ್ನು ಬಿಟ್ಟಿತು. ಎರಡರದ್ದೂ ಉಪಾಯ ಒಂದೇ. ಆ್ಯಪ್ ಅನ್ನು ಸಣ್ಣ ಸಣ್ಣ ಮಾಡ್ಯೂಲ್ ಮಾಡಿ, ಬದಲಾಗದ ಮಾಡ್ಯೂಲನ್ನು ಮತ್ತೆ ಬಿಲ್ಡ್ ಮಾಡಬೇಡ, ಹಿಂದೆ ಆದದ್ದನ್ನೇ ತಂದುಕೊ. ನಿಮ್ಮ ಸಹೋದ್ಯೋಗಿ ಬೆಳಗ್ಗೆ ಬಿಲ್ಡ್ ಮಾಡಿದ್ದು ನಿಮಗೂ ಸಿಗುತ್ತದೆ. ಭಾಷೆ ಬದಲಿಸದೆ, ಯಾರ ಕೆಲಸಕ್ಕೂ ಕುತ್ತು ತರದೆ ಇಷ್ಟು ಮಾಡಬಹುದು. ಆದರೆ ಇದಕ್ಕೆ ವೇದಿಕೆ ಮೇಲೆ ಚಪ್ಪಾಳೆ ಸಿಗಲ್ಲ. ವೈಸ್ ಪ್ರೆಸಿಡೆಂಟ್‌ಗಳಿಗೆ ರುಚಿಸದಿರೋಕೆ ಅದೂ ಒಂದು ಕಾರಣ ಇರಬಹುದು.

ಅರ್ಧ ಆಗುತ್ತಾ ಅಂದಿರಿ. ಲಾಗಿನ್, ಫಾರ್ಮ್, ಪಟ್ಟಿ, ಸೆಟ್ಟಿಂಗ್ಸ್ ಇಂಥ ಸ್ಕ್ರೀನ್‌ಗಳಲ್ಲಿ ಸುಮಾರು ಸಮಯ ಉಳಿಯುತ್ತದೆ. ಕ್ಯಾಮೆರಾ, ಮ್ಯಾಪು, ಬ್ಲೂಟೂತ್ ಬಂದ ಕೂಡಲೇ ಮತ್ತೆ ಎರಡು ಟೀಮ್ ಬೇಕು.

ಪ್ರಶ್ನೆ: ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಕಂಪೋಸ್, ಸ್ವಿಫ್ಟ್‌ಯುಐ, ಫ್ಲಟರ್. ಯಾವುದು ಕಲಿತರೆ ಒಳ್ಳೆಯದು?
– ಮೈಸೂರು

ಉತ್ತರ: ನಿಮ್ಮ ಕೈಲಿರುವ ಫೋನ್ ಯಾವುದೋ ಅದರದ್ದು. ಆಂಡ್ರಾಯ್ಡ್ ಆದರೆ ಕಂಪೋಸ್, ಐಫೋನ್ ಆದರೆ ಸ್ವಿಫ್ಟ್‌ಯುಐ. ಫ್ಲಟರ್ ಎರಡಕ್ಕೂ ಆಗುತ್ತದೆ. ಮೂರೂ ಆ್ಯಪ್‌ನ ಸ್ಕ್ರೀನ್ ಬರೆಯುವ ಸಾಧನಗಳು. ಮೂರರಲ್ಲೂ ಯೋಚನೆ ಮಾಡುವ ದಾರಿ ಒಂದೇ: ಈ ಸ್ಥಿತಿಯಲ್ಲಿ ಸ್ಕ್ರೀನ್ ಹೇಗಿರಬೇಕು ಅಂತ ಬರೆಯಿರಿ, ಬದಲಿಸುವ ಕೆಲಸ ಅದೇ ನೋಡಿಕೊಳ್ಳುತ್ತದೆ. ಒಂದು ಬಂದರೆ ಇನ್ನೊಂದು ಬೇಗ ಬರುತ್ತದೆ.

ಇಂಟರ್‌ವ್ಯೂನಲ್ಲಿ ಕೇಳಬಹುದಾದ ಒಂದು ವಿಷಯ ಹೇಳಿರುತ್ತೇನೆ. ಸ್ವಿಫ್ಟ್‌ಯುಐ 2019ರಲ್ಲಿ ಬಂತು, ಆದರೆ ಅದು ಫೋನಿನ ಓಎಸ್ (ಫೋನ್ ನಡೆಸುವ ಮೂಲ ಸಾಫ್ಟ್‌ವೇರ್) ಒಳಗೇ ಇರುತ್ತದೆ. ಐಫೋನಿನ ಓಎಸ್ ಆದ ಐಓಎಸ್‌ನ 13ಕ್ಕಿಂತ ಹಳೆಯ ವರ್ಶನ್ ಇರುವ ಫೋನುಗಳಲ್ಲಿ ಓಡುತ್ತಿರಲಿಲ್ಲ. ಹಳೆಯ ಐಫೋನ್ ಇಟ್ಟುಕೊಂಡ ಗ್ರಾಹಕರನ್ನು ಬಿಡಲಾಗದ ದೊಡ್ಡ ಕಂಪನಿಗಳು ಸುಮ್ನೆ ಕಾದು ಕೂತವು. 2021ರ ಜುಲೈನಲ್ಲಿ ಬಂದ ಕಂಪೋಸ್ 1.0 ಹಾಗಲ್ಲ. ಅದು ಲೈಬ್ರರಿಯಾಗಿ (ಸಿದ್ಧ ಕೋಡಿನ ಕಟ್ಟಾಗಿ) ಆ್ಯಪ್ ಜೊತೆಗೇ ಬರುತ್ತದೆ, ಆಂಡ್ರಾಯ್ಡ್ 5ರಲ್ಲೂ ಓಡಿತು. ಒಂದೇ ಬಗೆಯ ಸಾಧನ, ಒಂದನ್ನು ಕಂಪನಿಗಳು ಬೇಗ ಹಿಡಿದವು, ಇನ್ನೊಂದನ್ನು ತಡವಾಗಿ. ಯಾಕೆ ಅಂತ ಹೇಳಬಲ್ಲ ಹುಡುಗ ಹುಡುಗಿಯರು ನನಗೆ ಇಂಟರ್‌ವ್ಯೂಗಳಲ್ಲಿ ಸಿಕ್ಕಿರೋದು ಕಡಿಮೆ.

ಪ್ರಶ್ನೆ: ದೀಪಾವಳಿ ಬಂದರೆ ಶಾಪಿಂಗ್ ಆ್ಯಪ್‌ನ ಮೊದಲ ಪುಟವೇ ಬದಲಾಗಿರುತ್ತದೆ. ಬೆಳಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ. ನಾನಂತೂ ಅಪ್‌ಡೇಟ್ ಮಾಡಿರಲ್ಲ. ಹೇಗೆ?
– ಹಾವೇರಿ

ಉತ್ತರ: ಒಳ್ಳೆಯ ಪ್ರಶ್ನೆ. ಮೇಲೆ ತುಮಕೂರಿನವರಿಗೆ ಹೇಳಿದ ಆ ಉದ್ದದ ದಾರಿಯನ್ನು ತಪ್ಪಿಸಿಕೊಳ್ಳುವ ಉಪಾಯ ಇದು. ಸರ್ವರ್ ಡ್ರಿವನ್ ಯುಐ ಅಂತಾರೆ, ಅಂದರೆ ಕಂಪನಿಯ ಕಂಪ್ಯೂಟರ್ (ಸರ್ವರ್) ಹೇಳಿದ ಹಾಗೆ ಸ್ಕ್ರೀನ್ ಮೂಡುವುದು.

ನಿಮ್ಮ ಫೋನಿನಲ್ಲಿರುವ ಆ್ಯಪ್ ಒಳಗೆ ಬ್ಯಾನರ್, ಅಡ್ಡಸಾಲು, ಕಾರ್ಡ್, ಬಟನ್ ಇಂಥ ತುಣುಕುಗಳು ಮೊದಲೇ ಇರುತ್ತವೆ. ಯಾವುದು ಎಲ್ಲಿ ಬರಬೇಕು, ಯಾವುದರ ಮೇಲೆ ಏನು ಬರೆದಿರಬೇಕು ಅನ್ನೋದು ಮಾತ್ರ ಕಂಪನಿಯ ಸರ್ವರ್‌ನಿಂದ ಬರುತ್ತದೆ. ಹೋಟೆಲಿನವರು ಇವತ್ತಿನ ತಿಂಡಿ ಏನೇನು ಅಂತ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರಲ್ಲ, ಹಾಗೆ. ಅಳಿಸಿ ಬರೆಯೋಕೆ ಎರಡು ನಿಮಿಷ. ಆದರೆ ಅಡುಗೆಮನೆಯಲ್ಲಿ ಇಲ್ಲದ್ದನ್ನು ಬರೆದು ಉಪಯೋಗ ಇಲ್ಲ.

ತಲೆನೋವು ಇರೋದು ಆ ಅಡುಗೆಮನೆಯಲ್ಲೇ. ಹೊಸ ಥರದ ಕಾರ್ಡ್ ಬೇಕು ಅಂದರೆ ಅದಕ್ಕೆ ಹೊಸ ವರ್ಶನ್ ಬೇಕು. ನಿಮ್ಮ ಹಾಗೆ ಅಪ್‌ಡೇಟ್ ಮಾಡದವರ ಫೋನಿಗೆ ಆ ಕಾರ್ಡ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಆಗ ಸರ್ವರ್ ಯಾರ ಬಳಿ ಯಾವ ವರ್ಶನ್ ಇದೆ ಅಂತ ನೋಡಿ ಹಳಬರಿಗೆ ಹಳೆಯ ಕಾರ್ಡನ್ನೇ ಕಳಿಸಬೇಕು. ವರ್ಷ ಕಳೆದ ಹಾಗೆ ಈ ‘ಹಳಬರಿಗೆ ಬೇರೆ’ ಅನ್ನುವ ಕೋಡೇ ಬೆಟ್ಟ ಆಗುತ್ತದೆ. ಅದನ್ನು ಅಳಿಸುವ ಧೈರ್ಯ ಯಾರಿಗೂ ಇರಲ್ಲ. ಏರ್‌ಬಿಎನ್‌ಬಿ ರಿಯಾಕ್ಟ್ ನೇಟಿವ್ ಬಿಟ್ಟ ಮೇಲೆ ಈ ದಾರಿಯನ್ನೇ ದೊಡ್ಡದಾಗಿ ಹಿಡಿಯಿತು. ಘೋಸ್ಟ್ ಪ್ಲ್ಯಾಟ್‌ಫಾರ್ಮ್ ಅಂತ ಅದಕ್ಕೆ ಹೆಸರು.

ಮೊದಲ ಪುಟ, ಹುಡುಕಾಟದ ಪುಟ, ಆಫರ್ ಪುಟ, ಇವುಗಳಿಗೆ ಇದು ಹೇಳಿ ಮಾಡಿಸಿದ್ದು. ದುಡ್ಡು ಕಟ್ಟುವ ಪುಟಕ್ಕೆ ನಾನಂತೂ ಒಪ್ಪಲ್ಲ. ಅದು ವರ್ಷಕ್ಕೊಮ್ಮೆ ಬದಲಾದರೂ ಸಾಕು, ಗಟ್ಟಿಯಾಗಿರಬೇಕು.

ಪ್ರಶ್ನೆ: ದಿನಸಿ ಆ್ಯಪ್ ಒಂದನ್ನು ಕನ್ನಡಕ್ಕೆ ಬದಲಿಸಿದೆ. ಬಟನ್‌ಗಳಲ್ಲಿ ಒತ್ತಕ್ಷರಗಳು ಕತ್ತರಿಸಿ ಹೋಗಿವೆ. ಇಂಗ್ಲಿಷ್‌ನಲ್ಲಿ ಸರಿ ಇದೆ. ಇಷ್ಟು ದೊಡ್ಡ ಕಂಪನಿಯವರಿಗೆ ಇದು ಕಾಣಲ್ವಾ?
– ಶಿವಮೊಗ್ಗ

ಉತ್ತರ: ಕಾಣಲ್ಲ. ಯಾಕೆಂದರೆ ಅವರು ನೋಡಿರೋದು ಇಂಗ್ಲಿಷ್ ಸ್ಕ್ರೀನ್ ಮಾತ್ರ.

ನೀವು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ‘ಅಕ್ಕಿ’ ಹೋಗಿ ‘ಅಕಿ’ ಆಗಿದೆ. ‘ಮೊತ್ತ’ ಅನ್ನೋದು ‘ಮೊತ’. ‘ರದ್ದು’ ಅನ್ನುವ ಬಟನ್‌ನಲ್ಲಿ ಕೆಳಗಿನ ದಕಾರ ಅರ್ಧ ಕಾಣುತ್ತದೆ, ಅರ್ಧ ಇಲ್ಲ. ಆಗಿರೋದು ಇಷ್ಟು: ಡಿಸೈನರ್ ಇಂಗ್ಲಿಷ್ ಅಕ್ಷರ ಇಟ್ಟು ಚೌಕ ಬರೆದಿದ್ದಾರೆ. ಇಂಗ್ಲಿಷ್‌ನಲ್ಲಿ ಗೆರೆಯಿಂದ ಕೆಳಗೆ ಇಳಿಯೋದು ಜಿ, ವೈ, ಪಿ ಥರದ ಕೆಲವು ಅಕ್ಷರಗಳ ಬಾಲ ಮಾತ್ರ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಜಾಗ ಬೇಕು. ಇಂಜಿನಿಯರ್ ಬಟನ್‌ನ ಎತ್ತರವನ್ನು ಇಷ್ಟೇ ಅಂತ ಬಿಗಿ ಮಾಡಿದ್ದಾರೆ. ಅಕ್ಷರ ಹೊರಗೆ ಹೋದದ್ದು ಕತ್ತರಿಸಿ ಹೋಯಿತು. ಎತ್ತರ ‘ಕನಿಷ್ಠ ಇಷ್ಟು, ಬೇಕಾದರೆ ಬೆಳೆಯಲಿ’ ಅಂತ ಬರೆದಿದ್ದರೆ ಏನೂ ಆಗುತ್ತಿರಲಿಲ್ಲ. ಒಂದು ಸಾಲಿನ ಬದಲಾವಣೆ.

ಆಂಡ್ರಾಯ್ಡ್‌ನಲ್ಲಿ ಎಲಿಗಂಟ್ ಟೆಕ್ಸ್ಟ್ ಹೈಟ್ ಅನ್ನುವ ಗುಣ ಇದೆ. ಇದು ಆನ್ ಆಗಿದ್ದರೆ ಅಕ್ಷರವನ್ನು ಒತ್ತಿ ಕುಳ್ಳಗೆ ಮಾಡದೆ ಅದಕ್ಕೆ ಬೇಕಾದ ಎತ್ತರ ಕೊಡುತ್ತದೆ. ಬಹಳ ಕಾಲ ಅದು ಆಫ್ ಆಗಿಯೇ ಬರುತ್ತಿತ್ತು. ಆಂಡ್ರಾಯ್ಡ್ 15ಕ್ಕೆ ತಯಾರಾದ ಆ್ಯಪ್‌ಗಳಲ್ಲಿ ತಾನಾಗಿಯೇ ಆನ್ ಆಗಿರುತ್ತದೆ. ಇದರಿಂದ ಅನುಕೂಲ ಆಗುವ ಲಿಪಿಗಳು ಅಂತ ಗೂಗಲ್ ಕೊಟ್ಟ ಪಟ್ಟಿಯಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳಂ ಎಲ್ಲ ಇವೆ. ಆದರೆ ಬಟನ್ ಎತ್ತರ ಬಿಗಿಯಾಗಿದ್ದರೆ ಇದೂ ಕಾಪಾಡಲ್ಲ, ನೆನಪಿರಲಿ.

ಇದಕ್ಕೂ ಬೇಗ ಕೆಲಸ ಮುಗಿಸುವುದಕ್ಕೂ ಏನು ಸಂಬಂಧ ಅಂತೀರಾ? ಈ ತಪ್ಪು ಗೊತ್ತಾಗುವುದು ಯಾವಾಗಲೂ ಕೊನೆಗೆ. ಅನುವಾದ ಬಂದು, ಆ್ಯಪ್ ಹೊರಟು, ಶಿವಮೊಗ್ಗದ ಒಬ್ಬರು ಪತ್ರ ಬರೆದ ಮೇಲೆ. ಆಮೇಲೆ ಸರಿ ಮಾಡಿದರೆ ಇನ್ನೊಂದು ರಿಲೀಸ್, ಇನ್ನೊಂದು ಏಳು ದಿನ. ಮೊದಲೇ ಹಿಡಿಯೋಕೆ ಸಾಧನ ಇದೆ. ಅಮೆರಿಕದಲ್ಲಿ ಹಣ ಕಳಿಸುವ ಕ್ಯಾಶ್ ಆ್ಯಪ್‌ನವರು ಮಾಡಿದ ಪಾಪರಾಜಿ ಅನ್ನುವ ಲೈಬ್ರರಿ (ಖ್ಯಾತರ ಬೆನ್ನು ಹತ್ತಿ ಫೋಟೊ ತೆಗೆಯುವವರ ಹೆಸರು, ಚೆನ್ನಾಗಿದೆ ಅಲ್ವಾ) ಆಂಡ್ರಾಯ್ಡ್ ಸ್ಕ್ರೀನ್‌ಗಳ ಚಿತ್ರವನ್ನು ಫೋನೂ ಇಲ್ಲದೆ, ಎಮ್ಯುಲೇಟರೂ (ಕಂಪ್ಯೂಟರಿನೊಳಗಿನ ನಕಲಿ ಫೋನು) ಇಲ್ಲದೆ ತೆಗೆದುಕೊಡುತ್ತದೆ. ಕೋಡ್ ಬದಲಾದಾಗೆಲ್ಲ ಹಳೆಯ ಚಿತ್ರ, ಹೊಸ ಚಿತ್ರ ಹೋಲಿಸಿ ನೋಡಬಹುದು. ನಮ್ಮ ಟೀಮ್‌ನಲ್ಲಿ ಪ್ರತಿ ಬಟನ್‌ಗೂ ಒಂದು ಕನ್ನಡ ಚಿತ್ರ ಕಡ್ಡಾಯ ಮಾಡಿದ್ದೇವೆ. ಅದರಲ್ಲಿ ಬರೆದಿರುವುದು ‘ರಾಷ್ಟ್ರೀಯ ಹಕ್ಕಿ’ ಅಂತ. ಬಟನ್‌ಗೂ ಆ ಮಾತಿಗೂ ಸಂಬಂಧ ಏನೂ ಇಲ್ಲ. ಆದರೆ ಷಕಾರದ ಕೆಳಗೆ ಟಕಾರ, ಅದಕ್ಕೊಂದು ರಕಾರ, ಮೇಲೆ ಗುಡಿಸಿನ ದೀರ್ಘ. ಇದು ಕತ್ತರಿಸದೆ ಕೂತರೆ ಬೇರೆ ಯಾವ ಪದವೂ ಕೂರುತ್ತದೆ. ಟೀಮ್‌ನಲ್ಲಿರುವ ಪಂಜಾಬಿ ಹುಡುಗನಿಗೂ ಈಗ ಒತ್ತು ಕತ್ತರಿಸಿದ್ದು ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ನಾನು ಡಿಸೈನರ್. ವರ್ಷವಿಡೀ ಕೂತು ಡಿಸೈನ್ ಸಿಸ್ಟಮ್ ಮಾಡಿದೆವು. ಬಣ್ಣ, ಅಕ್ಷರ, ಬಟನ್, ಕಾರ್ಡ್ ಎಲ್ಲ ಇದೆ. ಯಾರೂ ಬಳಸುತ್ತಿಲ್ಲ. ಎಲ್ಲಿ ಎಡವಿದೆವು?
– ಹುಬ್ಬಳ್ಳಿ

ಉತ್ತರ: ನೀವು ಮಾಡಿರೋದು ಚಿತ್ರದಲ್ಲೋ ಕೋಡಿನಲ್ಲೋ? ಪತ್ರದಲ್ಲಿ ಅದನ್ನು ಬರೆದಿಲ್ಲ. ಚಿತ್ರದಲ್ಲಿ ಮಾತ್ರ ಇದೆ ಅಂತ ನನ್ನ ಊಹೆ.

ನಿಮ್ಮ ಫಿಗ್ಮಾ (ಸ್ಕ್ರೀನ್ ಚಿತ್ರ ಬಿಡಿಸುವ ಸಾಧನ) ಫೈಲ್‌ನಲ್ಲಿ ಸುಂದರವಾದ ಬಟನ್ ಇದ್ದರೆ, ಅದನ್ನು ನೋಡಿ ಇಂಜಿನಿಯರ್ ತಾನೇ ಮತ್ತೆ ಬರೆಯಬೇಕು. ಹೇಗೂ ಬರೆಯಬೇಕು ಅಂದ ಮೇಲೆ ಹಳೆಯ ಸ್ಕ್ರೀನ್‌ನಿಂದ ಕಾಪಿ ಮಾಡೋದು ಅವರಿಗೆ ಸುಲಭ. ನಮ್ಮ ಆ್ಯಪ್‌ನಲ್ಲಿ ಒಮ್ಮೆ ಬೂದು ಬಣ್ಣ ಎಷ್ಟು ಥರ ಇದೆ ಅಂತ ಹುಡುಕಿಸಿದಾಗ ಪಟ್ಟಿ ಒಂದು ಪುಟ ದಾಟಿತು. ಕಣ್ಣಿಗೆ ಎಲ್ಲವೂ ಒಂದೇ. ಪ್ರತಿಯೊಬ್ಬರೂ ಚಿತ್ರದಿಂದ ಬಣ್ಣ ಹೆಕ್ಕಿಕೊಂಡದ್ದರ ಫಲ.

ಮೊದಲು ಬಣ್ಣ, ಅಂತರ, ಅಕ್ಷರದ ಗಾತ್ರಕ್ಕೆ ಹೆಸರು ಕೊಡಿ. ಟೋಕನ್ ಅನ್ನೋದು ಇದಕ್ಕೇ. ಒಂದೇ ಫೈಲ್‌ನಿಂದ ಐಫೋನ್, ಆಂಡ್ರಾಯ್ಡ್ ಎರಡಕ್ಕೂ ಕೋಡ್ ತಾನಾಗಿ ಹುಟ್ಟುವ ಹಾಗೆ ಮಾಡಿ. ಆಮೇಲೆ ಎಲ್ಲ ಕಾಂಪೊನೆಂಟ್ ಒಟ್ಟಿಗೆ ಬೇಡ. ಬಟನ್, ಬರೆಯುವ ಪೆಟ್ಟಿಗೆ, ಪಟ್ಟಿಯ ಸಾಲು, ಮೂರನ್ನು ಕೋಡಿನಲ್ಲಿ ಗಟ್ಟಿಯಾಗಿ ಮಾಡಿಸಿ. ಇಂಜಿನಿಯರ್‌ಗೆ ತಾನು ಬರೆಯುವುದಕ್ಕಿಂತ ನಿಮ್ಮದು ತಗೊಳ್ಳೋದು ಸುಲಭ ಅನ್ನಿಸಬೇಕು. ಸುಲಭ ಅನ್ನಿಸದಿದ್ದರೆ ಎಷ್ಟು ಸುತ್ತೋಲೆ ಕಳಿಸಿದರೂ ಅಷ್ಟೇ.

ಪ್ರಶ್ನೆ: ಈಗ ಎಐ ಸ್ಕ್ರೀನ್ ಚಿತ್ರ ನೋಡಿ ಕೋಡ್ ಬರೆಯುತ್ತಲ್ಲ. ಇನ್ನು ಇದೆಲ್ಲ ಯಾಕೆ ಬೇಕು?
– ಮಂಗಳೂರು

ಉತ್ತರ: ಬರೆಯುತ್ತದೆ, ನಾನೂ ಬಳಸುತ್ತೇನೆ. ಹತ್ತು ನಿಮಿಷದ ಕೆಲಸ ಎರಡು ನಿಮಿಷಕ್ಕೆ ಬಂತು. ರಿವ್ಯೂ ಮಾಡುವವರ ಮೇಜಿನ ಮೇಲೆ ಕೋಡ್ ರಾಶಿ ಮಾತ್ರ ಮೊದಲಿಗಿಂತ ಎತ್ತರವಾಗಿದೆ. ಹುಬ್ಬಳ್ಳಿಯವರಿಗೆ ಹೇಳಿದ ಆ ಮೂರು ಕಾಂಪೊನೆಂಟ್ ಇದ್ದರೆ ಎಐ ಅದನ್ನೇ ಎತ್ತಿಕೊಳ್ಳುತ್ತದೆ. ಇಲ್ಲದಿದ್ದರೆ ಇನ್ನೊಂದು ಬೂದು ಬಣ್ಣ ಹುಟ್ಟಿಸುತ್ತದೆ.

ಪ್ರಶ್ನೆ: ದುಡ್ಡು ಕಳಿಸಿದ ಮೇಲೆ ಹಸಿರು ಟಿಕ್ ಕುಣಿಯುತ್ತಾ ಬರುತ್ತದಲ್ಲ, ಅದನ್ನು ಕೂತು ಬರೆಯುತ್ತಾರಾ? ನನ್ನ ಮೊಮ್ಮಗನ ಪ್ರಶ್ನೆ. ಅವನಿಗೆ ಹತ್ತು ವರ್ಷ.
– ಸಾಗರ

ಉತ್ತರ: ಮೊದಲು ಹಾಗೇ ಮಾಡುತ್ತಿದ್ದರು. ಅನಿಮೇಶನ್ ಕಲಾವಿದರು ಆಫ್ಟರ್ ಎಫೆಕ್ಟ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕುಣಿಸಿ ತೋರಿಸುವುದು, ಇಂಜಿನಿಯರ್ ಅದನ್ನು ನೋಡಿ ನೋಡಿ ಕೋಡಿನಲ್ಲಿ ಮತ್ತೆ ಕುಣಿಸುವುದು, ಅದೂ ಐಫೋನ್‌ಗೆ ಒಂದು ಸಲ, ಆಂಡ್ರಾಯ್ಡ್‌ಗೆ ಒಂದು ಸಲ. ಎರಡೂ ಒಂದೇ ಥರ ಬರುತ್ತಲೂ ಇರಲಿಲ್ಲ. 2017ರಲ್ಲಿ ಏರ್‌ಬಿಎನ್‌ಬಿಯವರು ಲಾಟಿ ಅನ್ನುವ ಲೈಬ್ರರಿ ಬಿಟ್ಟರು. ಕಲಾವಿದರು ಮಾಡಿದ್ದನ್ನು ಬಾಡಿಮೂವಿನ್ ಅನ್ನುವ ಪ್ಲಗ್‌ಇನ್ ಜೆಸನ್ ಅನ್ನುವ ಬಗೆಯ ಒಂದು ಬರಹದ ಫೈಲ್ ಮಾಡಿ ಕೊಡುತ್ತದೆ. ಆ್ಯಪ್ ಅದನ್ನು ಹಾಗೇ ಓದಿ ಕುಣಿಸುತ್ತದೆ. ನಡುವೆ ಇಂಜಿನಿಯರ್ ಕೈ ಹಾಕುವ ಅಗತ್ಯವೇ ಇಲ್ಲ. ಈ ಪುಟದಲ್ಲಿ ಹೇಳಿದ ಎಲ್ಲ ಉಪಾಯಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ, ಯಾಕೆಂದರೆ ಇದು ಒಂದು ಕಾಯುವ ಜಾಗವನ್ನು ಪೂರ್ತಿ ಇಲ್ಲದ ಹಾಗೆ ಮಾಡಿತು.

ಲಾಟಿ ಅನ್ನುವ ಹೆಸರು ಲಾಟೆ ರೈನಿಗರ್ ಅನ್ನುವ ಜರ್ಮನ್ ಮಹಿಳೆಯಿಂದ ಬಂದದ್ದು. ಕತ್ತರಿಯಲ್ಲಿ ಕಪ್ಪು ಕಾಗದ ಕತ್ತರಿಸಿ, ನೆರಳು ಗೊಂಬೆ ಮಾಡಿ, ಒಂದೊಂದು ಚೌಕಟ್ಟು ಚಿತ್ರ ತೆಗೆದು 1926ರಲ್ಲೇ ಪೂರ್ಣ ಉದ್ದದ ಅನಿಮೇಶನ್ ಸಿನಿಮಾ ಮಾಡಿದವರು. ಮೊಮ್ಮಗನಿಗೆ ಕತ್ತರಿ, ಕಾಗದ, ಒಂದು ಟಾರ್ಚ್ ಕೊಟ್ಟು ನೋಡಿ. ಟಾರ್ಚ್ ಸ್ವಲ್ಪ ದೂರ ಇಟ್ಟು, ಗೊಂಬೆಯನ್ನು ಗೋಡೆಗೆ ಹತ್ತಿರ ಹಿಡಿಯಲಿ, ಆಗ ನೆರಳಿನ ಅಂಚು ಚೂಪಾಗಿ ಬೀಳುತ್ತದೆ.